ಗೆದ್ದವರ ಫಾಂಟ್ ಪೇಟೆಗೆ
ಟೈಪ್‌ಟುಗೆದರ್ ಎಂಬ ಅಕ್ಷರ ವಿನ್ಯಾಸ ಸಂಸ್ಥೆ ಕೊಡುವ ಗೆರಾರ್ಡ್ ಉಂಗರ್ ವಿದ್ಯಾರ್ಥಿವೇತನದ ವಿಶೇಷವೆಂದರೆ, ಗೆದ್ದ ವಿದ್ಯಾರ್ಥಿಯ ಫಾಂಟ್ ಮಾರುಕಟ್ಟೆಗೇ ಬರುತ್ತದೆ. ಕೋರ್ಸ್ ಮುಗಿಯುವಾಗ ಹಾಳೆಯ ಮೇಲೆ ಚೆಂದ ಕಂಡ ಅಕ್ಷರಗಳಿಗೂ ಬಾಕಿ ಕೆಲಸ ಬೇಕಾದಷ್ಟಿರುತ್ತದೆ: ಅಕ್ಷರಗಳ ನಡುವಿನ ಅಂತರ, ದಪ್ಪ-ತೆಳು ರೂಪಗಳು, ಅಂಕಿ, ಚಿಹ್ನೆ. ಅದನ್ನೆಲ್ಲ ಸಂಸ್ಥೆಯ ಅನುಭವಿಗಳು ಜೊತೆಗಿದ್ದು ತಿದ್ದಿಸುತ್ತಾರೆ. ವಿದ್ಯಾರ್ಥಿವೇತನ ಯಾರ ಹೆಸರಿನಲ್ಲಿದೆಯೋ ಆ ಡಚ್ ವಿನ್ಯಾಸಕ ಉಂಗರ್ (1942–2018) ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಅವರ 1985ರ ‘ಸ್ವಿಫ್ಟ್’ ಫಾಂಟ್ ಪತ್ರಿಕೆಗಳಿಗಾಗಿಯೇ ಹುಟ್ಟಿದ್ದು. ಅಕ್ಷರದೊಳಗಿನ ಬಿಳಿ ಜಾಗ ದೊಡ್ಡದು, ತುದಿಗಳು ಬೆಣೆಯಂತೆ ಗಟ್ಟಿ, ಅಗ್ಗದ ಕಾಗದದಲ್ಲೂ ಓದಲು ತೊಡಕಿಲ್ಲ. 2006ರಲ್ಲಿ ಟೈಪ್‌ಟುಗೆದರ್ ಕಟ್ಟಿದ ವೆರೋನಿಕಾ ಬುರಿಯಾನ್, ಹೊಸೆ ಸ್ಕಾಲ್ಯೊನೆ ಇಬ್ಬರೂ ರೆಡಿಂಗ್‌ನಲ್ಲೇ ಕಲಿತವರು. ವಿದ್ಯಾರ್ಥಿಯ ಕೆಲಸ ಎಲ್ಲಿ ನಿಂತುಹೋಗುತ್ತದೆಂಬುದು ಅವರಿಗೆ ಹೊಸದೇನಲ್ಲ.