ಪರದೇಶದ ಹೊಸ್ತಿಲೂ ಬುತ್ತಿಯ ಗಂಟೂ

ಮಗಳ ಬಾಣಂತನಕ್ಕೆಂದು ತಾಯಿ ಬುತ್ತಿ ಕಟ್ಟಿಕೊಂಡು ಹೊರಡುವುದು ಕನ್ನಡನಾಡಿನಲ್ಲಿ ಇಂದು ನಿನ್ನೆಯ ರೂಢಿಯಲ್ಲ. ಅಳವಿ, ಅಂಟು, ಉತ್ತತ್ತಿ, ಒಣಶುಂಠಿ, ಬಜೆಯ ಬೇರು, ಅರಿಸಿನದ ಕೊಂಬು, ಮನೆಯಲ್ಲೇ ಕಾಯಿಸಿದ ತುಪ್ಪ ಇವಿಷ್ಟೂ ಆ ಗಂಟಿನಲ್ಲಿ ಇರಲೇಬೇಕು. ಹಿಂದೆ ಈ ಗಂಟು ಚಕ್ಕಡಿಯಲ್ಲಿ ಹೋಗುತ್ತಿತ್ತು; ಆಮೇಲೆ ಬಸ್ಸಿನ ನೆತ್ತಿಯ ಮೇಲೆ ಹೋಯಿತು; ಈಗ ಮೆಲ್ಬರ್ನ್, ಸಿಡ್ನಿ, ಆಕ್ಲೆಂಡ್ ನಗರಗಳಿಗೆ ವಿಮಾನದಲ್ಲಿ ಹೋಗುತ್ತಿದೆ. ಚಕ್ಕಡಿಯಲ್ಲಿ ಹೋದಾಗ ಯಾರೂ ಕೇಳದಿದ್ದ ಪ್ರಶ್ನೆಯೊಂದು ವಿಮಾನದಿಂದ ಇಳಿದ ಕೂಡಲೇ ಆ ತಾಯಿಗೆ ಎದುರಾಗುತ್ತದೆ. ಈ ಗಂಟಿನಲ್ಲಿ ಏನಿದೆ?

ಈ ಪ್ರಶ್ನೆಯಿಂದ ನೊಂದು ಬಂದವರು ಊರೂರಿನಲ್ಲಿಯೂ ಉಂಟು. ಹತ್ತು ಜನರೆದುರಿಗೆ ಚೀಲ ಬಿಚ್ಚಿಸಿದರು, ನಾಯಿಯಿಂದ ಮೂಸಿಸಿದರು, ಮೂರು ದಿನ ಕುಳಿತು ಕಟ್ಟಿದ ಉಂಡಿಗಳನ್ನು ಕಣ್ಣೆದುರಿಗೇ ತೊಟ್ಟಿಗೆ ಹಾಕಿದರು ಎಂದು ಅವರು ಹೇಳಿಕೊಳ್ಳುವಾಗ ಕೇಳಿದವರ ಕರುಳು ಚುರುಕ್ಕೆನ್ನದೆ ಇರದು. ಆದರೆ ಆ ನೋವಿಗೆ ಹೊಣೆ ಯಾರು ಎಂಬುದನ್ನು ಸಮಾಧಾನದಿಂದ ವಿಚಾರಿಸಿದರೆ, ಬೆರಳು ಆ ದೇಶದ ಅಧಿಕಾರಿಯ ಕಡೆಗೆ ತಿರುಗುವುದಿಲ್ಲ. ಅಲ್ಲಿಯೇ ಹೊರಗಡೆ ಹೂಗುಚ್ಛ ಹಿಡಿದು ಕಾದುನಿಂತಿರುವ ವಿದ್ಯಾವಂತ ಮಗನ ಕಡೆಗೋ ಅಳಿಯನ ಕಡೆಗೋ ತಿರುಗುತ್ತದೆ.

ವಿದೇಶದ ವಿಮಾನ ನಿಲ್ದಾಣದಲ್ಲಿ ದಾಟಬೇಕಾದ ಬಾಗಿಲುಗಳು ಎರಡು. ಮೊದಲನೆಯದು ಮನುಷ್ಯನ ತಪಾಸಣೆ. ಪಾಸ್‌ಪೋರ್ಟು, ವೀಸಾ, ಇಳಿದುಕೊಳ್ಳುವ ಮನೆಯ ವಿಳಾಸ, ಎಷ್ಟು ದಿನದ ವಾಸ್ತವ್ಯ, ಹಿಂದಿರುಗುವ ಟಿಕೇಟು ಇವುಗಳ ಬಗೆಗೆ ನಾಲ್ಕು ಮಾತು ಕೇಳುತ್ತಾರೆ. ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು; ಮನೆತನದ ಚರಿತ್ರೆಯನ್ನು ಅಲ್ಲಿ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ವೀಸಾ ಕಂಪ್ಯೂಟರಿನಲ್ಲಿಯೇ ದಾಖಲಾಗಿರುವುದರಿಂದ ಪುಸ್ತಕದಲ್ಲಿ ಮುದ್ರೆಯಿಲ್ಲವೆಂದು ಗಾಬರಿಪಡುವ ಕಾರಣವೂ ಇಲ್ಲ. ಇಂಗ್ಲಿಷ್ ಬಾರದವರು ದುಭಾಷಿ ಬೇಕೆಂದು ಕೇಳಬಹುದು, ಕೇಳುವುದು ಅವಮಾನವಲ್ಲ. ಈ ಬಾಗಿಲನ್ನು ಬಹುಮಂದಿ ಸುಲಭವಾಗಿಯೇ ದಾಟುತ್ತಾರೆ.

ಎರಡನೆಯ ಬಾಗಿಲು ಬುತ್ತಿಯದು. ಜೈವಿಕ ಸುರಕ್ಷತೆ ಎಂದು ಅದಕ್ಕೆ ಈಗಿನ ಹೆಸರು. ನ್ಯೂಜಿಲೆಂಡಿನಲ್ಲಿ ಇದಕ್ಕಾಗಿ ೧೯೯೩ರಲ್ಲಿ ಶಾಸನವಾಯಿತು. ಆಸ್ಟ್ರೇಲಿಯಾದಲ್ಲಿ ೧೯೦೮ರ ಹಳೆಯ ಶಾಸನದ ಸ್ಥಾನದಲ್ಲಿ ೨೦೧೫ರ ಶಾಸನವು ಮರುವರ್ಷ ಜಾರಿಗೆ ಬಂದಿತು. ಹಳೆಯ ಶಾಸನದ ಹೆಸರಿನಲ್ಲಿದ್ದ ಕ್ವಾರಂಟೈನ್ ಎಂಬ ಪದದ ಮೂಲ ನಲವತ್ತು ಎಂಬರ್ಥದ ಇಟಾಲಿಯನ್ ಶಬ್ದ. ಪ್ಲೇಗಿನ ಭಯದಿಂದ ಹಡಗುಗಳನ್ನು ನಲವತ್ತು ದಿನ ಬಂದರಿನ ಹೊರಗೆ ನಿಲ್ಲಿಸುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದಿದೆ. ಕನ್ನಡನಾಡಿಗೂ ಇದು ಅಪರಿಚಿತವಲ್ಲ. ೧೮೯೮ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯಲ್ಲಿಯೇ ಬೆಂಗಳೂರನ್ನು ಹೊಕ್ಕಿತು. ಆ ದಿನಗಳಲ್ಲಿ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದುದನ್ನು ಹಿರಿಯರ ಬಾಯಲ್ಲಿ ಕೇಳಿದವರು ಇನ್ನೂ ಇದ್ದಾರೆ. ಬರುವವನು ಪ್ರೀತಿಯ ಬೀಗನೇ ಆಗಿದ್ದರೂ ಅವನ ಹಾಸಿಗೆಯ ಸುರುಳಿಯಲ್ಲಿ ಏನು ಅಡಗಿದೆಯೋ ಎಂಬ ಅಳುಕು ಆಗ ಎಲ್ಲರಿಗೂ ಇತ್ತು.

ಆಸ್ಟ್ರೇಲಿಯಾದವರಿಗೆ ಈ ಅಳುಕು ಪುಸ್ತಕದಿಂದ ಬಂದುದಲ್ಲ, ಪೆಟ್ಟು ತಿಂದು ಬಂದುದು. ೧೮೫೯ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ವಿಕ್ಟೋರಿಯಾ ಪ್ರಾಂತದ ತನ್ನ ಎಸ್ಟೇಟಿನಲ್ಲಿ ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ತರಿಸಿದ ಸುಮಾರು ಎರಡು ಡಜನ್ ಮೊಲಗಳನ್ನು ಬಿಟ್ಟನು. ಅವುಗಳ ಸಂತಾನವು ಖಂಡದ ಬಹುಭಾಗವನ್ನು ಆವರಿಸಿ ಹುಲ್ಲುಗಾವಲುಗಳನ್ನು ಬರಿದು ಮಾಡಿತು. ಅವುಗಳನ್ನು ತಡೆಯಲು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ೧೯೦೧ರಿಂದ ೧೯೦೭ರವರೆಗೆ ನೂರಾರು ಹರದಾರಿಗಳ ಉದ್ದಕ್ಕೂ ಬೇಲಿ ಹಾಕಿದರೂ ಮೊಲಗಳು ನಿಲ್ಲಲಿಲ್ಲ. ಪಾಪಾಸುಕಳ್ಳಿಯ ಕಥೆ ಇನ್ನೂ ವಿಚಿತ್ರವಾದುದು. ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕಲೆಂದು ೧೭೮೮ರ ಮೊದಲ ಹಡಗುಗಳಲ್ಲಿಯೇ ಒಂದು ಬಗೆಯ ಕಳ್ಳಿ ಆ ದೇಶಕ್ಕೆ ಹೋಯಿತು; ಅನಂತರ ಬೇಲಿಗೆಂದು ಬೇರೆ ಬಗೆಗಳೂ ಹೋದುವು. ೧೯೨೦ರ ದಶಕದ ವೇಳೆಗೆ ಎರಡು ಕೋಟಿ ಹೆಕ್ಟೇರಿಗೂ ಮಿಕ್ಕ ನೆಲ ಕಳ್ಳಿಯ ವಶವಾಗಿ, ಒಕ್ಕಲುಗಳು ಹೊಲ ಬಿಟ್ಟು ಹೋದರು. ಕೊನೆಗೆ ಅರ್ಜೆಂಟೀನಾದಿಂದ ತಂದ ಕ್ಯಾಕ್ಟೋಬ್ಲಾಸ್ಟಿಸ್ ಎಂಬ ಪತಂಗದ ಮರಿಹುಳು ೧೯೨೬ರಿಂದಾಚೆಗೆ ಆ ಕಳ್ಳಿಯನ್ನು ತಿಂದು ಮುಗಿಸಿತು. ಕೃತಜ್ಞರಾದ ರೈತರು ಕ್ವೀನ್ಸ್‌ಲೆಂಡಿನ ಬೂನಾರ್ಗಾ ಎಂಬಲ್ಲಿ ೧೯೩೬ರಲ್ಲಿ ಆ ಹುಳುವಿನ ಹೆಸರಿನಲ್ಲಿ ಒಂದು ಸ್ಮಾರಕ ಸಭಾಭವನವನ್ನೇ ಕಟ್ಟಿಸಿದರು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಭವನಗಳು ಈ ನಾಡಿನಲ್ಲಿ ಎಷ್ಟೋ ಉಂಟು. ಹುಳುವಿನ ಹೆಸರಿನ ಭವನ ಬಹುಶಃ ಅದೊಂದೇ ಇರಬೇಕು!

ಹುಳು ಎಲ್ಲ ಸಲವೂ ಉಪಕಾರ ಮಾಡುವುದೆಂದು ತಿಳಿಯಬಾರದು. ಕಬ್ಬಿನ ದುಂಬಿಯನ್ನು ತಿನ್ನಲೆಂದು ೧೯೩೫ರಲ್ಲಿ ಹವಾಯಿಯಿಂದ ಅದೇ ಕ್ವೀನ್ಸ್‌ಲೆಂಡಿಗೆ ತಂದ ದೊಡ್ಡ ಕಪ್ಪೆ ದುಂಬಿಯನ್ನು ಬಿಟ್ಟು ಬೇರೆಲ್ಲವನ್ನೂ ತಿಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅಷ್ಟು ದೂರ ಹೋಗಬೇಕೆ? ಕನ್ನಡನಾಡಿನ ಯಾವ ಹೊಲದ ಬದುವಿನಲ್ಲಿ ನಿಂತು ನೋಡಿದರೂ ಪಾರ್ಥೇನಿಯಂ ಕಾಣುತ್ತದೆ. ೧೯೫೦ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಕಳೆ ಆಮದು ಗೋದಿಯ ಸಂಗಡ ಬಂದುದೆಂಬುದೇ ಸಾಮಾನ್ಯವಾದ ಅಭಿಪ್ರಾಯ. ಜನ ಅದಕ್ಕೆ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟು ನಕ್ಕರು. ಕಿತ್ತು ಮುಗಿಸಲು ಮಾತ್ರ ಇಂದಿಗೂ ಆಗಿಲ್ಲ. ಒಂದು ಹಿಡಿ ಬೀಜ ಒಂದು ನಾಡಿನ ಬೇಸಾಯಕ್ಕೆ ಏನು ಮಾಡಬಲ್ಲದೆಂಬುದನ್ನು ಈ ನಾಡಿನ ರೈತನಿಗೆ ಸಿಡ್ನಿಯ ಅಧಿಕಾರಿ ಕಲಿಸಬೇಕಾಗಿಲ್ಲ.

ಈ ದೃಷ್ಟಿಯಿಂದ ಬುತ್ತಿಯ ಗಂಟನ್ನು ಬಿಚ್ಚಿ ನೋಡಬೇಕು. ಖಾಪ್ರಾ ಎಂಬ ಧಾನ್ಯದ ದುಂಬಿಯ ತವರು ಭಾರತವೇ ಎಂದು ಹೇಳುತ್ತಾರೆ. ಇದರ ಹುಳು ಆಹಾರವಿಲ್ಲದೆ ಬಹುಕಾಲ ಬಿರುಕುಗಳಲ್ಲಿ ಅಡಗಿದ್ದು, ಕಾಳು ಸಿಕ್ಕಿದೊಡನೆ ಉಗ್ರಾಣವನ್ನೇ ಹಾಳುಮಾಡುತ್ತದೆ. ಇದಕ್ಕೆ ಹೆದರಿಯೇ ಆಸ್ಟ್ರೇಲಿಯಾ ೨೦೨೦ರಲ್ಲಿ ಅಕ್ಕಿ, ಗೋದಿ, ಕಡಲೆ, ತೊಗರಿ, ಹೆಸರು, ಶೇಂಗಾ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಮೊದಲಾದುವನ್ನು ಪ್ರಯಾಣಿಕರು ಚೀಲದಲ್ಲಿ ತರಕೂಡದೆಂದು ಕಟ್ಟುಮಾಡಿತು. ಬ್ಯಾಡಗಿಯ ಮೆಣಸಿನಕಾಯಿ ಎಷ್ಟು ಕೆಂಪಗಿದ್ದರೂ ಅಲ್ಲಿ ಅದಕ್ಕೆ ಮರ್ಯಾದೆಯಿಲ್ಲ. ಕರಿಬೇವಿನ ಹಸಿ ಎಲೆಯ ಸಂಗತಿ ಬೇರೆ. ಸಸ್ಯಶಾಸ್ತ್ರದ ಪ್ರಕಾರ ಕರಿಬೇವು ನಿಂಬೆ ಕಿತ್ತಳೆಗಳ ಕುಟುಂಬಕ್ಕೇ ಸೇರಿದುದು. ಕಿತ್ತಳೆ ತೋಟಗಳನ್ನು ಕೊಲ್ಲುವ ರೋಗವನ್ನು ಹೊತ್ತು ತರುವ ಜಿಗಿಹುಳು ಅದರ ಚಿಗುರಿನಲ್ಲಿ ಬಾಳುತ್ತದೆ. ಪೂಜೆಗೆ ಬೇಕಾದ ಬಿಲ್ವವೂ ಅದೇ ಕುಟುಂಬದ ಮರವೆಂಬುದನ್ನು ಬಹುಮಂದಿ ಅರಿಯರು.

ಹಾಲಿನಿಂದಾದ ಪದಾರ್ಥಗಳ ನಿಷೇಧಕ್ಕೆ ಕಾರಣ ಕಾಲುಬಾಯಿ ಜ್ವರ. ಆಸ್ಟ್ರೇಲಿಯಾದಲ್ಲಿ ೧೮೭೨ರಿಂದೀಚೆಗೆ ಈ ರೋಗ ಕಾಣಿಸಿಕೊಂಡಿಲ್ಲ. ಬ್ರಿಟನ್ನಿನಲ್ಲಿ ೨೦೦೧ರಲ್ಲಿ ಅದು ಹಬ್ಬಿದಾಗ ಅರುವತ್ತು ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಲ್ಲಬೇಕಾಯಿತು. ೨೦೨೨ರಲ್ಲಿ ಇಂಡೋನೇಷ್ಯಾದಲ್ಲಿ ಈ ಜ್ವರ ಎದ್ದೊಡನೆ ಆಸ್ಟ್ರೇಲಿಯಾದ ನಿಲ್ದಾಣಗಳಲ್ಲಿ ಅಲ್ಲಿಂದ ಬಂದವರು ಕಾಲಿಟ್ಟು ನಡೆಯಲು ಔಷಧಿಯಲ್ಲಿ ನೆನೆಸಿದ ಚಾಪೆಗಳನ್ನು ಹಾಸಿದರು. ಭಾರತದಲ್ಲಿ ಈ ರೋಗ ಇನ್ನೂ ಹೋಗಿಲ್ಲವಾದುದರಿಂದ ಧಾರವಾಡದ ಪೇಡೆಗೂ ಬರ್ಫಿಗೂ ಅಲ್ಲಿ ಪ್ರವೇಶವಿಲ್ಲ. ಅದೇ ೨೦೨೨ರಲ್ಲಿ ಚರ್ಮಗಂಟು ರೋಗದಿಂದ ಕೊಟ್ಟಿಗೆಯ ಎತ್ತನ್ನು ಕಳೆದುಕೊಂಡು ಅತ್ತ ಕರ್ನಾಟಕದ ಒಕ್ಕಲಿಗನಿಗೆ ಈ ನಿಷೇಧದ ಹಿಂದಿರುವ ಸಂಕಟವು ಅರ್ಥವಾಗದೆ ಹೋಗದು.

ಇನ್ನು ಪತ್ರದ ಮಾತು. ಆಸ್ಟ್ರೇಲಿಯಾಕ್ಕೆ ಹೋಗುವ ವಿಮಾನದಲ್ಲಿ ಇಳಿಯುವ ಮುನ್ನ ಕೈಗೆ ಒಂದು ಚೀಟಿ ಬರುತ್ತದೆ. ನ್ಯೂಜಿಲೆಂಡಿಗಾದರೆ ೨೦೨೩ರಿಂದೀಚೆಗೆ ಇದನ್ನು ಹೊರಡುವ ಮುನ್ನ ಮನೆಯಲ್ಲಿಯೇ ಕಂಪ್ಯೂಟರಿನ ಮೂಲಕ ತುಂಬಬಹುದು. ಆಹಾರವಿದೆಯೆ, ಬೀಜ ಬೇರು ಮೂಲಿಕೆಗಳಿವೆಯೆ, ಮರದ ವಸ್ತುಗಳಿವೆಯೆ, ಮಣ್ಣು ಮೆತ್ತಿದ ಸಾಮಾನುಗಳಿವೆಯೆ, ಕಳೆದ ಮೂವತ್ತು ದಿನಗಳಲ್ಲಿ ಹೊಲ, ದನಕರು, ಕಾಡು ಇವುಗಳ ಸಂಪರ್ಕವಿತ್ತೆ ಎಂದು ಅದು ಕೇಳುತ್ತದೆ. ಹೌದು ಅಥವಾ ಇಲ್ಲ ಎಂಬ ಮನೆಯಲ್ಲಿ ಗುರುತು ಹಾಕಿ ಕೆಳಗೆ ರುಜು ಮಾಡಬೇಕು. ಈ ಚೀಟಿಯನ್ನು ಕುರಿತು ಮಕ್ಕಳು ದೂರವಾಣಿಯಲ್ಲಿ ತಂದೆತಾಯಿಗಳಿಗೆ ಕೊಡುವ ಉಪದೇಶ ಪ್ರಾಯಶಃ ಒಂದೇ: ‘ಅವ್ವಾ, ಎಲ್ಲಾದಕ್ಕೂ ಇಲ್ಲ ಅಂತ ಗುರುತು ಹಾಕಿಬಿಡು, ಯಾರೂ ಕೇಳೂದಿಲ್ಲ.’ ಓದಲು ಬಾರದ ಭಾಷೆಯ ಪತ್ರಕ್ಕೆ, ನಿನ್ನೆ ಮುಂಜಾನೆ ತಾನೇ ಹಿಂಡಿದ ಎಮ್ಮೆಯ ವಾಸನೆ ಇನ್ನೂ ಕೈಯಲ್ಲಿರುವಾಗಲೇ, ಆ ಮುದುಕಿ ಕನ್ನಡದಲ್ಲಿ ರುಜು ಮಾಡುತ್ತಾಳೆ. ಜೀವಮಾನದಲ್ಲಿ ನೆರೆಮನೆಯ ಬೆಂಕಿಕಡ್ಡಿಯನ್ನೂ ಕೇಳದೆ ಮುಟ್ಟದವಳು ಒಂದು ದೇಶದ ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟವಳಾಗುತ್ತಾಳೆ. ನಾಯಿ ಬಂದು ಚೀಲದ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಂಡಾಗ ತಲೆತಗ್ಗಿಸುವವಳು ಅವಳೇ; ಉಪದೇಶ ಕೊಟ್ಟ ಎಂಜಿನಿಯರ್ ಮಗ ಗೋಡೆಯ ಆಚೆಗಿರುತ್ತಾನೆ.

ಇದರ ದಂಡವೂ ಸಣ್ಣದಲ್ಲ. ನ್ಯೂಜಿಲೆಂಡಿನಲ್ಲಿ ತಿಳಿಸದೆ ತಂದ ವಸ್ತುವಿಗೆ ನಿಂತಲ್ಲಿಯೇ ನಾನೂರು ಡಾಲರ್ ದಂಡ ವಿಧಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಸಾವಿರಗಟ್ಟಲೆ ಡಾಲರ್ ದಂಡ ಬೀಳುವುದುಂಟು. ೨೦೧೯ರಿಂದೀಚೆಗೆ ಪ್ರವಾಸಿಯ ವೀಸಾವನ್ನೇ ರದ್ದುಮಾಡುವ ಅಧಿಕಾರವೂ ಅಲ್ಲಿ ಬಂದಿದೆ. ಆ ವರ್ಷದ ಅಕ್ಟೋಬರಿನಲ್ಲಿ ಸಿಡ್ನಿಯಲ್ಲಿ ಹಸಿಮಾಂಸ ಮುಂತಾದುವನ್ನು ಮುಚ್ಚಿಟ್ಟು ತಂದ ವಿಯೆಟ್ನಾಮಿನ ಮಹಿಳೆಯೊಬ್ಬರನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದರು. ಮೊಮ್ಮಗುವಿನ ಮುಖವನ್ನು ಕಾಣದೆ ಹಿಂದಿರುಗುವ ಸ್ಥಿತಿ ಬಂದರೆ ಆ ಉಂಡಿಯ ಬೆಲೆ ಎಷ್ಟಾದಂತಾಯಿತು?

ವಿನೋದವೆಂದರೆ, ನಿಜ ಹೇಳಿದವರಿಗೆ ಈ ಶಾಸನದಿಂದ ಯಾವ ಭಯವೂ ಇಲ್ಲ. ಹೌದು ಎಂದು ಗುರುತು ಹಾಕಿ, ಗಂಟನ್ನು ತಾನಾಗಿ ಮುಂದಿಟ್ಟರೆ, ಅಧಿಕಾರಿ ನೋಡಿ ಕೊಡಬಹುದಾದುದನ್ನು ಕೊಡುತ್ತಾನೆ, ಕೂಡದುದನ್ನು ತೆಗೆದುಕೊಳ್ಳುತ್ತಾನೆ. ವಸ್ತು ಹೋದರೂ ದಂಡವಿಲ್ಲ. ಹೊಲದಲ್ಲಿ ಮೆಟ್ಟಿದ ಚಪ್ಪಲಿಯನ್ನು ತೋರಿಸಿದರೆ ಅವರೇ ತೊಳೆದು ಕೊಡುವುದುಂಟು. ಪರದೇಶದ ಸರ್ಕಾರಿ ನೌಕರನು ಕನ್ನಡದ ರೈತನ ಕಾಲ್ಮೆಟ್ಟನ್ನು ತೊಳೆದು ಕೈಗೆ ಕೊಡುವುದನ್ನು ಯಾರೂ ಅವಮಾನವೆನ್ನಲಾರರು. ಸಂದೇಹವಿದ್ದಲ್ಲಿಯೂ ಹೌದು ಎನ್ನುವುದೇ ಕ್ಷೇಮ. ಕೊರಳಿನ ರುದ್ರಾಕ್ಷಿ ಒಂದು ಬೀಜ. ವಿಭೂತಿ ಗೋಮಯದ ಭಸ್ಮ. ಇವುಗಳನ್ನು ಬಚ್ಚಿಡದೆ, ಇಂಥದು, ಇಂಥದಕ್ಕೆ ಎಂದು ಹೇಳಿ ತೋರಿಸುವುದರಲ್ಲಿ ನಾಚಿಕೆ ಏನಿದೆ? ನಿತ್ಯ ತೆಗೆದುಕೊಳ್ಳುವ ಔಷಧಿಗಳಿಗೆ ವೈದ್ಯರ ಚೀಟಿ ಜೊತೆಗಿರಬೇಕು; ಆಸ್ಟ್ರೇಲಿಯಾಕ್ಕೆ ಮೂರು ತಿಂಗಳ ಪ್ರಮಾಣಕ್ಕಿಂತ ಹೆಚ್ಚು ಒಯ್ಯಬಾರದು.

ಅಧಿಕಾರಿಗಳೆಲ್ಲರೂ ಸೌಜನ್ಯಮೂರ್ತಿಗಳೆಂದು ಇಲ್ಲಿ ವಾದಿಸುತ್ತಿಲ್ಲ. ಹದಿನೈದು ತಾಸಿನ ಪ್ರಯಾಣದಿಂದ ಬಸವಳಿದ ವೃದ್ಧರ ಮುಂದೆ ಇಂಗ್ಲಿಷ್ ಚೀಟಿಯನ್ನು ಹಿಡಿಯುವ ಪದ್ಧತಿಯಲ್ಲಿ ಕೊರತೆಯಿದೆ. ಗಡಸು ಮಾತಿನವರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ. ಆದರೆ ಇಂಥ ಕಟ್ಟಳೆ ಬಿಳಿಯರು ಕಂದುಬಣ್ಣದವರಿಗೆಂದೇ ಹೂಡಿದ್ದು ಎಂಬ ಮಾತು ನಿಲ್ಲುವುದಿಲ್ಲ. ಆ ದೇಶದ ಪ್ರಜೆಯೇ ಪರದೇಶದಿಂದ ಹಿಂದಿರುಗಿದರೂ ಅದೇ ಚೀಟಿ, ಅದೇ ನಾಯಿ. ಭಾರತದಲ್ಲಿಯೂ ೧೯೧೪ರ ಕೀಟ ಶಾಸನವುಂಟು, ೨೦೦೩ರ ಸಸ್ಯ ಆಮದು ಆಜ್ಞೆಯುಂಟು. ಹೊರಗಿನಿಂದ ಬೀಜ, ಸಸಿಗಳನ್ನು ತರುವವರು ಇಲ್ಲಿಯೂ ತಿಳಿಸಬೇಕು. ಅಲ್ಲಿಂದ ರಜೆಗೆ ಬರುವ ಮಕ್ಕಳು ಅಂಗಳದಲ್ಲಿ ನೆಡಲೆಂದು ಕೊರಡು, ಗಡ್ಡೆಗಳನ್ನು ಸೀರೆಯ ಮಡಿಕೆಯಲ್ಲಿ ತರುವಾಗ ಇದನ್ನು ನೆನೆಯುವರೆ?

ಶಾಲೆಗಳು ಇದರಲ್ಲಿ ಮಾಡಬಹುದಾದ ಕೆಲಸವೊಂದಿದೆ. ಪ್ರೌಢಶಾಲೆಯ ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವಾಗ ರಜಾ ಅರ್ಜಿಯೊಂದನ್ನೇ ವರ್ಷವರ್ಷವೂ ಬರೆಸುವುದಕ್ಕಿಂತ, ಈ ಪ್ರವೇಶಪತ್ರವನ್ನು ಕನ್ನಡಿಸುವ ಅಭ್ಯಾಸ ಕೊಡಬಹುದು. ಡಿಕ್ಲೇರ್ ಎಂಬ ಒಂದು ಮಾತಿಗೇ ಎಷ್ಟು ವಿಚಾರ ಬೇಕು! ಘೋಷಿಸು ಎಂದರೆ ಡಂಗುರ ಸಾರಿದಂತಾಗುತ್ತದೆ. ನಿವೇದಿಸು ಎಂದರೆ ದೇವರ ಮುಂದೆ ಎಡೆಯಿಟ್ಟಂತಾಗುತ್ತದೆ. ಒಳಗಿರುವುದನ್ನು ಇದ್ದಂತೆ ತೆರೆದು ಹೇಳು ಎಂಬಷ್ಟೇ ಅದರ ಅರ್ಥ. ವಿದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಆಯಾ ದೇಶದ ಹೊಸ ಚೀಟಿಯನ್ನೂ ನಿಷಿದ್ಧ ವಸ್ತುಗಳ ಪಟ್ಟಿಯನ್ನೂ ವರ್ಷಕ್ಕೊಮ್ಮೆ ಶಾಲೆಗೆ ಕಳುಹಿಸಿಕೊಟ್ಟರೆ, ಏಕೆಂದರೆ ಈ ಪಟ್ಟಿಗಳು ಆಗಾಗ ಬದಲಾಗುತ್ತವೆ, ಕಟ್ಟಡಕ್ಕೆ ಕೊಡುವ ದೇಣಿಗೆಯಷ್ಟೇ ಬೆಲೆಯುಳ್ಳ ಉಪಕಾರವಾದೀತು. ಹೊರಡುವ ಹಿಂದಿನ ರಾತ್ರಿ ಒಂಬತ್ತನೆಯ ತರಗತಿಯ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಚೀಟಿಯ ಒಂದೊಂದೇ ಪ್ರಶ್ನೆಯನ್ನು ಅಜ್ಜಿಗೆ ಓದಿ ಹೇಳಬೇಕು. ಅಜ್ಜಿ ಅಳವಿಯ ಡಬ್ಬಿಯನ್ನೂ ಪೇಡೆಯ ಪೆಟ್ಟಿಗೆಯನ್ನೂ ಚೀಲದಿಂದ ಹೊರತೆಗೆದು, ಮೆಣಸಿನಕಾಯಿಯನ್ನು ನೆರೆಮನೆಗೆ ಕೊಟ್ಟುಬಿಟ್ಟು, ಎಮ್ಮೆಯ ಮಾತಿಗೆ ಬಂದಾಗ ಹೌದು ಎಂಬ ಮನೆಯಲ್ಲಿ ತಾನೇ ಗುರುತು ಹಾಕಬೇಕು. ಅಳವಿ ಮೆಲ್ಬರ್ನಿನ ಭಾರತೀಯ ಅಂಗಡಿಗಳಲ್ಲಿಯೂ ಸಿಕ್ಕೀತು. ಪಾಯಸವನ್ನು ಕುದಿಸುವ ಹದ ಮಾತ್ರ ಅವಳ ಕೈಯಲ್ಲಿದೆ, ಅದಕ್ಕೆ ಚೀಟಿಯಲ್ಲಿ ಪ್ರಶ್ನೆಯಿಲ್ಲ.