ಮಳೆ ಲೆಕ್ಕದ ಜೊತೆಗೆ ಬಿಸಿಲಿನ ಲೆಕ್ಕವೂ ಇರಲಿ



ಬೆಳೆಗಾರರಾದ ನಾವು ಲೆಕ್ಕದವರು. ಹೂಮಳೆ ಎಷ್ಟು ಸೆಂಟು ಬಿತ್ತೆಂದು ಹಳೆಯ ಪುಸ್ತಕ ತೆರೆದು ಹೇಳಬಲ್ಲೆವು. ಎಳೆಯ ಅಡಿಕೆ ಮರದ ಕಾಂಡ ನೈಋತ್ಯದ ಬಿಸಿಲಿಗೆ ಸುಡದಂತೆ ಸುಣ್ಣ ಬಳಿಯುತ್ತೇವೆ, ಸೋಗೆ ಕಟ್ಟುತ್ತೇವೆ. ಆದರೆ ಅದೇ ಬಿಸಿಲಿನಲ್ಲಿ ಅಗತೆ ಮಾಡುವವರು ಎಷ್ಟು ಮಂದಿ ತಲೆಸುತ್ತಿ ಕುಳಿತರೆಂಬುದು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ.

ಶಾಖದಿಂದಾದ ಸಾವು ಎಷ್ಟೋ ಬಾರಿ ಹೃದಯದ ಇಲ್ಲವೆ ಮೂತ್ರಪಿಂಡದ ಕಾಯಿಲೆಯೆಂದೇ ದಾಖಲಾಗುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಸಾವುಗಳನ್ನು 2009 ಮತ್ತು 2011ರ ಮೇ ತಿಂಗಳೊಡನೆ ಹೋಲಿಸಿದಾಗಲೇ 1,344 ಸಾವು ಹೆಚ್ಚಾಗಿದ್ದುದು ಕಂಡುಬಂದಿತು. ಆ ಬಿಸಿಗಾಳಿಯ ಪಾಠದಿಂದ 2013ರಲ್ಲಿ ಆ ನಗರ ಮುನ್ನೆಚ್ಚರಿಕೆಯ ಯೋಜನೆಯನ್ನು ಜಾರಿಗೆ ತಂದಿತು.

ನಮ್ಮದು ಮಲೆನಾಡಿನ ಸೆರಗು, ಇಲ್ಲಿ ಅಂಥ ಬಿಸಿಲೆಲ್ಲಿ ಎನ್ನುವವರಿದ್ದಾರೆ. ಬಯಲಿನಲ್ಲಿ 40 ಡಿಗ್ರಿ ಮುಟ್ಟಿದ ಮೇಲೆಯೇ ಹವಾಮಾನ ಇಲಾಖೆ ಬಿಸಿಗಾಳಿಯ ಮಾತೆತ್ತುವುದು ನಿಜ. ಆದರೆ ಭದ್ರಾವತಿಯ ಸುತ್ತ ಭದ್ರಾ ನಾಲೆಯ ನೀರು ಹಾಯುವ ತೋಟಗಳಲ್ಲಿ ತೇವ ಕಟ್ಟಿಕೊಂಡು ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣಿಯದು. ಘೋಷಣೆಯಿಲ್ಲದ ದಿನವೂ ಅಪಾಯವುಂಟು.

ಕೇಂದ್ರ ಆರೋಗ್ಯ ಇಲಾಖೆಯ ಏರ್ಪಾಟಿನಂತೆ ಮಾರ್ಚ್ 1ರಿಂದ ಜುಲೈ 31ರವರೆಗೆ ಆಸ್ಪತ್ರೆಗಳು ಶಾಖದ ಕಾಯಿಲೆಗಳನ್ನು ದಿನಂಪ್ರತಿ ವರದಿ ಮಾಡಬೇಕು. ಆದರೆ ಒಂದು ಚೊಂಬು ಮಜ್ಜಿಗೆ ಕುಡಿದು ಮನೆಯಲ್ಲೇ ಮಲಗಿದವರು ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅವರನ್ನು ಕಣ್ಣಾರೆ ಕಾಣುವವರು ನಾವೇ.

ಆದ್ದರಿಂದ ಮಳೆ ಪುಸ್ತಕದಲ್ಲಿಯೇ ಇನ್ನೊಂದು ಪುಟ ತೆರೆಯೋಣ. ದಿನಾಂಕ, ಹೊತ್ತು, ವಯಸ್ಸು, ಮಾಡುತ್ತಿದ್ದ ಕೆಲಸ, ತಲೆಸುತ್ತೋ ವಾಂತಿಯೋ ಸ್ನಾಯು ಸೆಳೆತವೋ, ಇಷ್ಟು ಬರೆದರೆ ಸಾಕು, ಹೆಸರು ಬೇಡ. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಗೆ ತೋರಿಸೋಣ. ಯಾವ ಕೆಲಸವನ್ನು ಮುಂಜಾನೆಗೆ ಸರಿಸಬೇಕೆಂಬುದನ್ನು ಆ ಪುಟವೇ ಹೇಳೀತು. ಮೈ ಕೆಂಡದಂತೆ ಕಾದು ಮಾತು ತೊದಲಿದರೆ ಮಾತ್ರ ಬರೆಯುತ್ತ ಕೂರಬಾರದು. ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ 108ಕ್ಕೆ ಕರೆಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.

ಬರೆದಿಟ್ಟರೆ ಪರಿಹಾರದ ತಗಾದೆ ಬಂದೀತೆಂಬ ಅಳುಕು ಕೆಲವರಿಗಿದೆ. ಬರೆಯದಿದ್ದರೆ ಮನುಷ್ಯರೇ ಹೋದಾರು. ನಮ್ಮಲ್ಲಿ ಹೆಚ್ಚಿನವರು ಸ್ವತಃ ಹಾರೆ ಹಿಡಿಯುವವರು. ನಾಳೆ ಆ ಪುಟದಲ್ಲಿ ನಮ್ಮ ಮನೆಯವರೇ ಇರಬಹುದು. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಬೇಸಗೆಗೆ ಮೊದಲೇ ಈ ವಿಚಾರ ಸಂಘದ ಸಭೆಯ ಮುಂದೆ ಬರಲಿ.