ಕುಂಬಳದ ಹೂವಿಗೂ ಒಂದು ಪುಟ ಕೊಡಿ

ಸಾಹಿತ್ಯ ವಾರ್ಷಿಕದಲ್ಲಿ ಕುಂಬಳ ಹೂವಿನ ಪಲ್ಯವೇ ಎಂದು ಹುಬ್ಬೇರಿಸುವವರಿಗೆ ಮೊದಲೇ ನಮಸ್ಕಾರ ಹೇಳಿಬಿಡುತ್ತೇನೆ. ನನ್ನ ಜಗಳ ಇರುವುದೇ ಅವರೊಂದಿಗೆ. ಗಡಿನಾಡ ಕನ್ನಡವೆಂದರೆ ಶಾಸನ, ಆಯೋಗ, ಠರಾವು ಇಷ್ಟೇ ಎಂದು ನಂಬಿ ಕುಳಿತ ಹಿರಿಯರು ಒಂದು ಕಡೆ. ಅವರ ಭಾಷಣಕ್ಕೆ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಪೊಟ್ಟಣದ ಮಸಾಲೆ ಒಡೆಯುವ ಕಿರಿಯರು ಇನ್ನೊಂದು ಕಡೆ. ಇಬ್ಬರೂ ಸೇರಿ ಅಡುಗೆಮನೆಯ ಕನ್ನಡವನ್ನು ಕೈಬಿಟ್ಟಿದ್ದಾರೆ.

ನಮ್ಮ ಅಮರಾಪುರ ಕಾಸರಗೋಡಿನ ಓದುಗರಿಗೆ ದೂರದ ಊರು. ಮಡಕಶಿರಾ ತಾಲ್ಲೂಕು, ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಆಚೆಗೆ ಶಿರಾ, ಪಾವಗಡ. ಮಾತು ಒಂದೇ, ಬಸ್ಸಿನ ಬೋರ್ಡು ಬೇರೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ನಮ್ಮ ಮಂಡಲದಲ್ಲೇ ಇದೆ. ರಾಯದುರ್ಗವು 1953ರಲ್ಲಿ ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿತು. ನಿಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ. ನಿಮಗಾದರೂ 1967ರ ಮಹಾಜನ ವರದಿ ಎಂಬ ಒಂದು ಕಾಗದವಿದೆ. ನಮ್ಮ ಕಡೆಯ ಗಡಿಯ ಮಾತು ಆ ಆಯೋಗದ ಮುಂದೆ ಇರಲೇ ಇಲ್ಲ. ಇವನ್ನೆಲ್ಲ ಬರೆಯಬೇಕು, ಬೇಡವೆನ್ನುವವನು ನಾನಲ್ಲ. ಆದರೆ ಹೇಮಾವತಿಯ ಕಲ್ಲಿನ ಮೇಲಿನ ಕನ್ನಡ ಓದಲು ಪಂಡಿತರು ಬರಬೇಕು. ಹಂಬು, ಕುಡಿ, ಹೀಚು, ತೊಟ್ಟು ಎನ್ನುವ ಕನ್ನಡಕ್ಕೆ ಒಂದು ಬದುವು, ಒಂದು ಒಲೆ ಇದ್ದರೆ ಆಯಿತು. ಶಾಲೆಯಲ್ಲಿ ತೆಲುಗನ್ನೋ ಇಂಗ್ಲಿಷನ್ನೋ ಓದುವ ನಮ್ಮ ಮಕ್ಕಳಿಗೆ ಈ ಮಾತುಗಳನ್ನು ಯಾವ ಪಠ್ಯಪುಸ್ತಕ ಕಲಿಸೀತು? ಕಲಿಸುತ್ತಿದ್ದವಳು ಹಿತ್ತಲಲ್ಲಿ ಹೂ ಕೀಳುತ್ತಿದ್ದ ಅಜ್ಜಿ.

ಹಿತ್ತಲಿನಲ್ಲಿ ಮಾತ್ರವಲ್ಲ, ಹೊಲದಲ್ಲೂ ಹಂಬು ಹಬ್ಬುತ್ತಿತ್ತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ ನಮ್ಮದು, ಅದೂ ಬಂದರೆ ಬಂತು. ರಾಗಿಯ ನಡುವೆ ಅವರೆ ಸಾಲು, ಬದುವಿನ ಮೇಲೆ ಕುಂಬಳ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಕಡಲೆಕಾಯಿ ಬಂದು ಹೊಲವನ್ನೆಲ್ಲ ಒಂದೇ ಬೆಳೆ ಮಾಡಿತು. ನಾನು ಬ್ಯಾಂಕಿನ ಗುಮಾಸ್ತ. ಬೆಳೆಸಾಲದ ಅರ್ಜಿಗಳನ್ನು ದಿನವೂ ನೋಡುತ್ತೇನೆ. ಅದರಲ್ಲಿ ಕಡಲೆಕಾಯಿಗೆ ಜಾಗವಿದೆ, ಬದುವಿನ ಕುಂಬಳಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ್ದನ್ನು ರೈತನೂ ನಿಧಾನವಾಗಿ ಲೆಕ್ಕದಿಂದ ಬಿಟ್ಟ.

ಊಟದ ಡಬ್ಬಿ ತೆರೆದಾಗ ಒಬ್ಬ ಸಹೋದ್ಯೋಗಿ ಕೇಳಿದ್ದುಂಟು: “ಏನ್ ಸಾರ್, ಬ್ಯಾಂಕಿನ ಸಂಬಳ ತಗೊಂಡೂ ಹೂ ತಿಂತೀರಾ?” ಇದು ಅವರೊಬ್ಬರ ಮಾತಲ್ಲ, ನಮ್ಮ ಜನರದೇ ಮಾತು. ಬಡವರ ಅಡುಗೆ ಅನ್ನುತ್ತಾರೆ. ಬರಗಾಲದ ಪಲ್ಯ ಅನ್ನುತ್ತಾರೆ. ಇಟಲಿಯವರು ಇದೇ ಜಾತಿಯ ಹೂವಿನೊಳಗೆ ಚೀಸ್ ತುಂಬಿ ಕರಿದರೆ ಅದು ದೊಡ್ಡ ಹೋಟೆಲಿನ ತಿನಿಸು. ಬಂಗಾಳದವರು ಹಿಟ್ಟಿನಲ್ಲಿ ಅದ್ದಿ ಕರಿದು ಅನ್ನದ ಜೊತೆ ಬಡಿಸುತ್ತಾರೆ, ಯಾರೂ ಅವರನ್ನು ಬಡವರೆಂದು ಕರೆದಿಲ್ಲ. ಮೆಕ್ಸಿಕೋದಲ್ಲಿ ರೊಟ್ಟಿಯ ಒಳಗಿಟ್ಟು ತಿನ್ನುತ್ತಾರೆ. ಸಿಹಿಗುಂಬಳದ ತವರು ಆ ಕಡೆಯದೇ. ಕೊಲಂಬಸ್ 1492ರಲ್ಲಿ ಹಡಗು ಹತ್ತುವ ಮೊದಲು ನಮ್ಮ ನೆಲ ಕಂಡಿದ್ದುದು ಬೂದುಗುಂಬಳ, ಸಿಹಿಗುಂಬಳವಲ್ಲ. ನಿಮ್ಮ ಕಡೆ ಇದನ್ನು ಚೀನಿಕಾಯಿ ಎನ್ನುತ್ತೀರಿ. ಹೆಸರಲ್ಲೇ ಪರದೇಶ! ಹೊರಗಿನಿಂದ ಬಂದ ಬಳ್ಳಿಗೆ ನಮ್ಮ ಹೆಂಗಸರು ಹೆಸರಿಟ್ಟರು, ರುಚಿ ಕೊಟ್ಟರು, ತಮ್ಮದನ್ನಾಗಿ ಮಾಡಿಕೊಂಡರು. ನಾವು ಅದನ್ನು ಬಡತನವೆಂದು ಆಚೆಗೆ ಹಾಕುತ್ತಿದ್ದೇವೆ.

ಹೂ ಕಿತ್ತರೆ ಕಾಯಿ ಹೋಯಿತಲ್ಲ ಎಂಬುದು ಇನ್ನೊಂದು ತಕರಾರು. ಬಳ್ಳಿಯನ್ನು ನೋಡದವರ ತಕರಾರು ಇದು. ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಇದ್ದರೆ ಹೆಣ್ಣು, ಅದನ್ನು ಮುಟ್ಟಬಾರದು. ಉದ್ದನೆಯ ಸಣ್ಣ ತೊಟ್ಟಿನ ಮೇಲೆ ನಿಂತದ್ದು ಗಂಡು. ಬಳ್ಳಿಯಲ್ಲಿ ಮೊದಲು ಬರುವುದೂ ಹೆಚ್ಚಾಗಿ ಬರುವುದೂ ಅದೇ. ಜೇನಿಗೆಂದು ಕೆಲವನ್ನು ಬಿಟ್ಟು ಉಳಿದವನ್ನು ಕೀಳಬಹುದು. ಬೆಳಗಿನ ಜಾವ ಅರಳಿದ್ದು ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ, ಆದ್ದರಿಂದ ಸಂತೆಗೆ ಬರುವುದು ಕಷ್ಟ. ದುಡ್ಡಿದ್ದರೂ ಸುಲಭಕ್ಕೆ ಸಿಗುವ ಪದಾರ್ಥ ಅಲ್ಲ!

ಒಳಗೆ ಇರುವೆ ಇರುತ್ತದೆ, ಒಮ್ಮೆ ಕೊಡವಬೇಕು. ನಡುವಿನ ಕೇಸರ, ಬುಡದ ಹಸಿರು ಎಸಳು ತೆಗೆದು, ತೊಟ್ಟಿನ ನಾರು ಸುಲಿದು, ತೊಳೆದು ಕೈಯಲ್ಲೇ ಹರಿದುಕೊಳ್ಳಬೇಕು. ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಈರುಳ್ಳಿ ಬಾಡಿದ ಮೇಲೆ ಹೂವು. ನೀರು ಹಾಕಬಾರದು, ಅದೇ ಬಿಟ್ಟುಕೊಳ್ಳುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಇಪ್ಪತ್ತು ಹೂವು ಒಂದು ಹಿಡಿಯಾಗುತ್ತದೆ. ಆಗ ಉಪ್ಪು, ಹುರಿದ ಕಡಲೆಕಾಯಿ ಪುಡಿ. ಮುದ್ದೆಯ ಪಕ್ಕಕ್ಕೆ ಬೇರೇನೂ ಬೇಡ. ಮಳೆ ಹಿಡಿದ ಸಂಜೆ ಕಡಲೆಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು ಬೆರೆಸಿ ಇಡೀ ಹೂವನ್ನು ಅದ್ದಿ ಬಿಟ್ಟರೆ ಬಜ್ಜಿ. ಹೂವು ಕಡಿಮೆ ಸಿಕ್ಕಿತೇ, ಎಳೆ ಕುಡಿಯನ್ನೂ ಸೇರಿಸಿಕೊಳ್ಳಿ.

ಪಕ್ಕದ ಮನೆಯ ತೆಲುಗಿನ ಅಕ್ಕ ಇದನ್ನೇ ಗುಮ್ಮಡಿ ಪುವ್ವು ಎನ್ನುತ್ತಾರೆ. ಈ ಸಂಚಿಕೆಯ ಮಲಯಾಳ ಪುಟಗಳ ಓದುಗರಿಗೆ ಇದು ಮತ್ತಪ್ಪೂವು. ತೆಂಗಿನತುರಿ ಹಾಕಿ ತೋರನ್ ಮಾಡುತ್ತಾರೆ. ಕರ್ಕಾಟಕ ಮಾಸದ ಹತ್ತು ಸೊಪ್ಪಿನ ತೋರನ್‌ಗೂ ಮತ್ತನ್ ಎಲೆ ಬೀಳುತ್ತದೆ. ನಮ್ಮ ಹೂವು ಅವರದಾದ ಮಾತ್ರಕ್ಕೆ ನಮ್ಮ ಹೆಸರು ಅಳಿಯುವುದಿಲ್ಲ. ಹೆಸರು ಅಳಿಯುವುದು ನಾವು ಅಡುಗೆ ನಿಲ್ಲಿಸಿದಾಗ. ಆಗ ಅದಕ್ಕೆ ಯಾವ ಸರಕಾರವನ್ನೂ ದೂರಲಾಗದು. ಬಹುಶಃ ಅದಕ್ಕೇ ಈ ವಿಷಯ ಯಾವ ವೇದಿಕೆಗೂ ಬರುವುದಿಲ್ಲ.

ಸಂಪಾದಕರು ಸ್ಥಳಾಭಾವ ಎನ್ನಬಾರದು. ಮುಂದಿನ ಸಂಚಿಕೆಯಲ್ಲಿ ಎಡಪುಟ ಕನ್ನಡಕ್ಕೆ, ಬಲಪುಟ ಮಲಯಾಳಕ್ಕೆ. ಒಂದು ಬಳ್ಳಿಯ ಬೇರಿನಿಂದ ಬೀಜದವರೆಗೆ ಮನೆಯಲ್ಲಿ ಆಡುವ ಮಾತುಗಳು, ಜೊತೆಗೆ ಅಡುಗೆ. ಓದುಗರೇ, ಚೀನಿಕಾಯಿ ಹೂವಿಗೆ ನಿಮ್ಮಲ್ಲಿ ಏನು ಅರೆದು ಹಾಕುತ್ತೀರಿ, ಯಾರಿಂದ ಕಲಿತಿರಿ, ಒಂದು ಕಾರ್ಡಿನಲ್ಲಾದರೂ ಬರೆದು ಸಂಪಾದಕರಿಗೆ ಕಳಿಸಿ. ರಾಯದುರ್ಗದ ಕಡೆ ಜೋಳದ ರೊಟ್ಟಿಗೆ ಇದನ್ನು ಹೇಗೆ ಮಾಡುತ್ತಾರೆಂದು ಈ ಶ್ರಾವಣದಲ್ಲಿ ಮನೆಮನೆಗೆ ಹೋಗಿ ಕೇಳಿ ಬರೆದು ಕೊಡುವ ಕೆಲಸ ನನ್ನದು.